ಹೆಸರಿಲ್ಲದ ಅತಿಥಿ ಗಾಯಕಿ

ನನ್ನ ತಮ್ಮ ಸೋಲಾಪುರದಿಂದ ಕ್ಯಾಸೆಟ್ಟು ತಂದು ಟೇಪ್‌ರೆಕಾರ್ಡರಿಗೆ ಹಾಕಿದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಮೊದಲು ಅವನ ಪಟಪಟ ಮಾತು ಬಂತು. ಅದು ನಿಂತು ಒಬ್ಬ ಹೆಂಗಸಿನ ದನಿ ಶುರುವಾಯಿತು. ನನ್ನ ಮೈಯೆಲ್ಲ ಉರಿದುಹೋಯಿತು. ಅದು ನಾನು ಹಾಡಬೇಕಾಗಿದ್ದ ಸಾಲು.

ತೊಂಬತ್ತರ ದಶಕದ ನಡುವಿನ ಮಾತು. ಆಳಂದದಲ್ಲಿ ನಮ್ಮದು ಬಟ್ಟೆ ಅಂಗಡಿ. ತಮ್ಮ ಗುಲಬರ್ಗಾದಲ್ಲಿ ಕಾಲೇಜು ಓದುತ್ತಿದ್ದ, ಅಥವಾ ಹಾಗೆಂದು ಅಪ್ಪ ನಂಬಿದ್ದ. ಅಲ್ಲಿ ಗೆಳೆಯನ ಮನೆಯ ಕೇಬಲ್ ಟಿವಿಯಲ್ಲಿ ರ‍್ಯಾಪ್ ಹಾಡು ನೋಡಿ ತಲೆ ಕೆಡಿಸಿಕೊಂಡಿದ್ದ. ಆಳಂದದ ಬಸ್ ಸ್ಟ್ಯಾಂಡು, ಪಾನ್ ಅಂಗಡಿ, ಕಂಡಕ್ಟರನ ಜೊತೆಗಿನ ತಕರಾರು ಎಲ್ಲ ಸೇರಿಸಿ ನಮ್ಮ ಮಾತಿನಲ್ಲೇ ಒಂದು ಹಾಡು ಕಟ್ಟಿದ. "ಹಾಡಾಕತ್ತೀಯೋ, ಯಾರ ಕೂಡರೆ ಜಗಳಾ ಮಾಡಾಕತ್ತೀಯೋ?" ಎಂದು ಅವ್ವ ಕೇಳಿದಳು.

ಈ ನಮೂನೆಯ ಹಾಡಿನಲ್ಲಿ ಗಂಡು ಮಾತಾಡುತ್ತ ಹೋಗಬೇಕು, ನಡುನಡುವೆ ಅತಿಥಿಯಾಗಿ ಬಂದ ಗಾಯಕಿ ರಾಗ ಎಳೆಯಬೇಕು, ಅದೇ ಅದರ ಮಜಾ ಎಂದು ತಮ್ಮ ನನಗೆ ತಿಳಿಸಿ ಹೇಳಿದ. ರಾಗಕ್ಕೆ ಒಂದೇ ಸಾಲು: ‘ಬಸ್ಸು ಬಂತು, ಧೂಳು ಬಂತು, ನೀ ಬರಲಿಲ್ಲ.’ ಅದಕ್ಕೆ ಧಾಟಿ ಹಾಕಿದವಳು ನಾನು. ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತ ಅದನ್ನೇ ಹಾಡಿ ಹಾಡಿ ನೋಡುತ್ತಿದ್ದೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಹಪ್ಪಳ ಕಾಯ್ದವಳಲ್ಲ.

ಅಪ್ಪನ ಕಿವಿಗೆ ಬಿತ್ತು. ಗಿರಾಕಿಯ ಎದುರಿಗೂ ನಗದ ಮನುಷ್ಯ ಅಪ್ಪ. ಮೆಟ್ಟಿಲ ಬುಡದಲ್ಲಿ ನಿಂತು, "ಮನಿತನದ ಹುಡುಗಿ ಟೇಪಿನಾಗ ಹಾಡೂದಿಲ್ಲ," ಎಂದ. "ಲಾರಿಯವ್ರು ಕೇಳ್ತಾರ, ಪಾನಂಗಡ್ಯಾಗ ಕೇಳ್ತಾರ. ನಾಳಿ ನಿನ್ನ ಯಾರು ತಗೋತಾರ?" ಅಲ್ಲಿಗೆ ಮುಗಿಯಿತು. ಅಪ್ಪ ಆಡಿದ ಮಾತನ್ನು ವಾಪಸು ತೆಗೆದುಕೊಂಡದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನಾನು ಸಿಟ್ಟಿಗೆ ಊಟ ಬಿಟ್ಟೆ. ಯಾರೂ ಕರೆಯಲಿಲ್ಲ, ಹಸಿವಾಯಿತು, ಎದ್ದು ಉಂಡೆ.

ಸೋಲಾಪುರದ ಒಂದು ಸ್ಟುಡಿಯೋವನ್ನು ತಮ್ಮ ಗೊತ್ತುಮಾಡಿದ. ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಪಾಪ್ ಹಾಡುವವಳೊಬ್ಬಳು ಬರುತ್ತೇನೆಂದು ಒಪ್ಪಿದ್ದಳು. ಅಪ್ಪನೂ ಬಟ್ಟೆ ಖರೀದಿಗೆಂದು ಅದೇ ಬಸ್ಸಿನಲ್ಲಿ ಹೋದ. ಮಗ ಅಲ್ಲಿ ಏನು ಕುಣಿಯುತ್ತಾನೆ ನೋಡಿಬರುವ ಉದ್ದೇಶವೂ ಇದ್ದಿರಬೇಕು.

ಹೀಗೆ ಬಂದದ್ದು ಆ ಕ್ಯಾಸೆಟ್ಟು. ಎರಡೂ ಮಗ್ಗುಲಿಗೆ ಅದೊಂದೇ ಹಾಡು. ಹೊರಳಿಸಿ ಹಾಕಿದವರು ಮತ್ತೆ ಅದನ್ನೇ ಕೇಳಿ ಟೇಪ್ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಕವರಿನ ಮೇಲೆ ತಮ್ಮನ ಹೆಸರು, ಕೆಳಗೆ ‘ಅತಿಥಿ ಗಾಯಕಿ’ ಎಂದಷ್ಟೇ ಇತ್ತು, ಅವಳ ಹೆಸರಿರಲಿಲ್ಲ. ದನಿ ಎತ್ತರದ್ದು, ಸ್ವಲ್ಪ ಮೂಗಿನದು, ಕೊನೆಯ ಅಕ್ಷರವನ್ನು ಜಗ್ಗಿ ಜಗ್ಗಿ ಬಿಡುತ್ತಿತ್ತು. ಚೆನ್ನಾಗಿತ್ತು, ನನ್ನ ಸಂಕಟವೂ ಅದೇ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಗಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. "ಯಾರಕಿ?" ಎಂದು ತಮ್ಮನನ್ನು ಕೇಳಿದೆ. "ಅದೊಂದು ಕೇಳಬ್ಯಾಡಕ್ಕಾ," ಎಂದು ಎದ್ದು ಹೋದ.

ಹಾಡು ನಾವ್ಯಾರೂ ಎಣಿಸದ ಹಾಗೆ ಓಡಿತು. ಖಜೂರಿ ರಸ್ತೆಯ ಲಾರಿಗಳಲ್ಲಿ, ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತೊಯ್ಯುವ ಟ್ರ್ಯಾಕ್ಟರುಗಳಲ್ಲಿ ಅದೇ ಹಾಡು. ಹೆಸರಿಲ್ಲದ ಗಾಯಕಿಗೆ ಊರವರೇ ಹೆಸರಿಟ್ಟರು, ಅದೂ ನನ್ನ ಹೆಸರು. ಮಾಳಿಗೆಯ ಮೇಲೆ ನಾನು ಹಾಡಿದ್ದನ್ನು ಓಣಿಯೆಲ್ಲ ಕೇಳಿತ್ತಲ್ಲ. ನಳದ ಹತ್ತಿರ ಒಬ್ಬಾಕೆ ನನ್ನ ಗಲ್ಲ ಹಿಡಿದು, "ಛಲೋ ಹಾಡೀ ಬಿಡವ್ವಾ," ಎಂದಾಗ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ. ಹಾಡಲು ಬಿಡಲಿಲ್ಲ, ಹಾಡಿದ ಅಪವಾದ ಮಾತ್ರ ನನಗೇ ಬಂತು.

ಅದೇ ಹೊತ್ತಿಗೆ ಜೇವರ್ಗಿಯ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಹುಡುಗ ನನಗೆ ಮನಸ್ಸಿಗೆ ಬಂದಿದ್ದ, ಅದನ್ನೇಕೆ ಮುಚ್ಚಿಡಲಿ. ಚುರುಮುರಿಯ ಸುಸಲಾ ತಿಂದಾಯಿತು. ಚಹಾದ ಕಪ್ಪು ಕೈಯಲ್ಲಿ ಹಿಡಿದು ಸೋದರಮಾವ ಶುರುಮಾಡಿದ:

"ನಾವು ಮುಚ್ಚಿಟ್ಟು ಮಾತಾಡೋ ಮಂದಿ ಅಲ್ರಿ. ಆ ಟೇಪಿನಾಗ ಹಾಡಿದಾಕಿ ನಿಮ್ಮ ಮಗಳೇ ಅಂತ ಆಳಂದ ತುಂಬ ಅನ್ನಾಕತ್ತಾರ. ಖರೇ ಇತ್ತಂದ್ರ ನಾವು ಚಾ ಕುಡದು ಹೋಗ್ತೇವ್ರಿ."

"ನನ್ನ ಮಗಳು ಹಾಡಿಲ್ರಿ," ಎಂದ ಅಪ್ಪ.

"ಮತ್ತ ಯಾರ್ರಿ ಹಾಡಿದಾಕಿ?"

ತಮ್ಮ ನೆಲ ನೋಡುತ್ತ ನಿಂತಿದ್ದ. ಸಂಬಂಧ ಮುರಿದರೆ ಮುಂದೆ ಯಾವ ಮನೆಯವರು ಬಂದಾರು? ಅಪ್ಪ ಕಪ್ಪು ಕೆಳಗಿಟ್ಟ. ಹೆಗಲ ಮೇಲಿನ ವಸ್ತ್ರವನ್ನು ತಲೆಯ ಮೇಲೆ ಸೆರಗಿನ ಹಾಗೆ ಎಳೆದುಕೊಂಡ. ಕಣ್ಣು ಮುಚ್ಚಿ ಹಾಡಿದ. ಅದೇ ದನಿ, ಅದೇ ಮೂಗು, ಕೊನೆಯ ಅಕ್ಷರದ ಅದೇ ಜಗ್ಗಾಟ. ನಮ್ಮ ಅಪ್ಪನ ಮೀಸೆಯ ಕೆಳಗಿನಿಂದ ಒಬ್ಬ ಹೆಂಗಸು ಹಾಡುತ್ತಿದ್ದಳು.

"ಆರ್ಕೆಸ್ಟ್ರಾದಾಕಿ ಬರಲಿಲ್ರಿ," ಎಂದ ಅಪ್ಪ, ವಸ್ತ್ರ ಸರಿಮಾಡಿಕೊಂಡು. "ಹುಡುಗ ಅಳಾಕತ್ತಿದ್ದ. ಅಫಜಲಪುರದ ಕಡಿ ನಮ್ಮ ಹಳ್ಳ್ಯಾಗ ಹರೇದಾಗ ಸಣ್ಣಾಟದಾಗ ಹೆಣ್ಣಿನ ಪಾರ್ಟು ಮಾಡ್ತಿದ್ದೆ. ಅದಕ್ಕ ಹಾಡಿದೆ."

ಬಾಗಿಲ ಹಿಂದಿನಿಂದ ಅವ್ವ ನಿಧಾನಕ್ಕೆ ಹೇಳಿದಳು: "ಸೀರಿ ಉಡೂದು ಬಿಟ್ರ ಹೆಣ್ಣು ಕೊಡ್ತೇವಿ ಅಂದಿದ್ರು ನಮ್ಮಪ್ಪ. ಅವತ್ತಿಂದ ಇವ್ರು ಹಾಡೂದೂ ಬಿಟ್ಟಿದ್ರು." ನನಗೆ ಇದೊಂದೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದೂ ಅಪ್ಪ ಒಂದು ಸಾಲು ಗುನುಗಿದ್ದನ್ನು ಕೇಳಿದವಳಲ್ಲ ನಾನು.

ಸೋದರಮಾವ ತೊಡೆ ತಟ್ಟಿ ನಕ್ಕ. ಹುಡುಗನ ತಾಯಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸಂಬಂಧ ಅಲ್ಲೇ ಕುದುರಿತು. ಆಮೇಲೆ ಆಕೆ ನನ್ನ ಕಡೆ ತಿರುಗಿ, "ಇನ್ನ ಹುಡುಗಿ ಒಂದು ಹಾಡು ಹೇಳ್ಲಿ," ಎಂದಳು. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು ನಮ್ಮಲ್ಲಿ ರಿವಾಜು. ಗುರುತಿಲ್ಲದವರ ಮುಂದೆ ಚಾಪೆಯ ಮೇಲೆ ಕೂತು ಹಾಡಿದರೆ ಮರ್ಯಾದೆ, ಅದನ್ನೇ ಟೇಪಿನಲ್ಲಿ ಹಾಡಿದರೆ ಮಾನ ಹೋಯಿತು. ಸಿಟ್ಟು ನೆತ್ತಿಗೇರಿತು.

"ನನಗ ಹಾಡಾಕ ಬರೂದಿಲ್ರಿ," ಎಂದೆ. "ನಮ್ಮಪ್ಪಗ ಬರ್ತದ, ಅವರನ್ನೇ ಕೇಳ್ರಿ."

ಎಲ್ಲರೂ ಮತ್ತೆ ನಕ್ಕರು. ಅಪ್ಪ ನಗಲಿಲ್ಲ.

"ಸುಳ್ಳ ಹೇಳಾಕತ್ತಾಳ್ರಿ," ಎಂದ. "ಆ ಧಾಟಿ ಹಾಕಿದಾಕಿ ಇಕಿನೇ. ನನಗಿಂತ ಛಲೋ ಹಾಡ್ತಾಳ. ಟೇಪಿನಾಗೂ ಇಕಿನೇ ಹಾಡಬೇಕಾಗಿತ್ತು, ನಾನೇ ಬ್ಯಾಡಂದೆ. ನಂದು ತಪ್ಪಾತು."

ಈಗ ತಾನೇ ಕುದುರಿದ ಸಂಬಂಧದವರ ಮುಂದೆ, ಯಾರೂ ಕೇಳದೆ, ಅಪ್ಪ ತನ್ನ ಮಾತು ವಾಪಸು ತೆಗೆದುಕೊಂಡಿದ್ದ. ಸೋದರಮಾವ ಕಪ್ಪಿನೊಳಗೆ ನೋಡತೊಡಗಿದ. ಹುಡುಗನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹಂಗಾರ ಅದನ್ನೇ ಹಾಡವ್ವಾ," ಎಂದಳು.

ಬಾಯಿ ತೆರೆದೆ. ಮೊದಲ ಮಾತಿಗೇ ಗಂಟಲು ಕಟ್ಟಿತು. ಉಳಿದದ್ದನ್ನು ಅಪ್ಪನೇ ಎತ್ತಿಕೊಳ್ಳುತ್ತಾನೆಂದು ಎಲ್ಲರೂ ಆ ಕಡೆ ನೋಡಿದರು. ಅಪ್ಪ ಎತ್ತಿಕೊಳ್ಳಲಿಲ್ಲ. ತಲೆ ತಗ್ಗಿಸಿ, ನನ್ನ ಗಂಟಲು ಬಿಡುವವರೆಗೂ ಕಾಯುತ್ತ ಕೂತ.