ಮಿಷನ್ ಗರಗಸಕ್ಕೆ ಕೊಟ್ಟ ಸೀಟಿನ ಪೈಪು

ನೀಲಗಿರಿಯ ತೊಗಟೆ, ಪೆಟ್ರೋಲು, ಸುಟ್ಟ ಆಯಿಲ್ಲು ಮೂರೂ ಬೆರೆತ ವಾಸನೆ ಮೂಗಿಗೆ ಬಂದರೆ ಮುನಿಯಪ್ಪ ಮಾವ ಬಸ್ಸಿಳಿದನೆಂದು ತಲೆ ಎತ್ತದೆಯೇ ಹೇಳಬಲ್ಲೆ. ಇವತ್ತು ಬೆಳಿಗ್ಗೆಯೂ ಹಾಗೆಯೇ ಆಯಿತು. ಗೋಣಿಚೀಲದಲ್ಲಿ ಸುತ್ತಿದ ಮಿಷನ್ ಗರಗಸವನ್ನು ಎಡಗಂಕುಳಲ್ಲಿ ಅವುಚಿಕೊಂಡು ಬಂದು, ದೊಡ್ಡಬಳ್ಳಾಪುರದ ಈ ನಮ್ಮ ಕುಲುಮೆಯ ಮುಂದಿನ ಕಲ್ಲಿನ ಮೇಲೆ ಕೂತ. "ಚೈನಿನ ಹಲ್ಲು ಮೊಂಡಾಗವೆ. ಉಜ್ಜಿಕೊಡು" ಅಂದ. ಅಷ್ಟೇ ಮಾತು. ನಮ್ಮ ಮನೆತನಕ್ಕೆ ದೇವರು ಕೊಟ್ಟ ಮಾತನ್ನೆಲ್ಲ ನನ್ನೊಬ್ಬನ ಬಾಯಿಗೇ ಸುರಿದುಬಿಟ್ಟಿದ್ದರಿಂದ ಮಾವನ ಪಾಲಿಗೆ ಉಳಿದದ್ದು ಇಷ್ಟೇ. ಕೈಗೆ ಹಲ್ಲು ಉಜ್ಜುವ ಅರ ಸಿಕ್ಕಿದರೆ ನನ್ನ ಬಾಯಿಗೂ ಏನಾದರೂ ಸಿಗಬೇಕು. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಆರೇಳು ವರ್ಷದ ಹಿಂದೆ ನಾನು ಕುಲುಮೆಯವನಲ್ಲ, ಊರಿನ ಅಣಕದವನು. ಬಸ್ ಕಂಡಕ್ಟರ ಚಿಲ್ಲರೆ ಇಲ್ಲವೆನ್ನುವ ರಾಗ, ಪೂಜಾರಪ್ಪನವರು ಮಂತ್ರ ಮರೆತಾಗ ಕೆಮ್ಮುವ ರೀತಿ, ಮಗ್ಗದ ಲಾಳಿ ಸಿಕ್ಕಿಹಾಕಿಕೊಳ್ಳುವ ಸದ್ದು, ಎಲ್ಲ ಮಾಡುತ್ತಿದ್ದೆ. ನನ್ನನ್ನೇ ನಾನು ಅಣಕಿಸಿಕೊಂಡರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಇದನ್ನ ದಿನಾ ನೋಡ್ತೀವಲ್ಲ ಅನ್ನುತ್ತಿದ್ದರು.

ಮಾವ ಮರ ಕೊಯ್ಯುವವನು. ನೀವು ಮರ ಕೊಯ್ಯುವ ಗುಂಡಿ ನೋಡಿದ್ದೀರೋ ಇಲ್ಲವೋ. ಆಳು ನಿಲ್ಲುವಷ್ಟು ಗುಂಡಿ ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಇಟ್ಟು, ಉದ್ದನೆಯ ಗರಗಸವನ್ನು ಒಬ್ಬ ಮೇಲಿನಿಂದ ಎತ್ತುತ್ತಾನೆ, ಒಬ್ಬ ಕೆಳಗಿನಿಂದ ಎಳೆಯುತ್ತಾನೆ. ಮೇಲಿದ್ದವನಿಗೆ ಗಾಳಿ, ಬೆಳಕು, ದಾರಿಹೋಕರ ನಮಸ್ಕಾರ. ಕೆಳಗಿದ್ದವನಿಗೆ ಕಣ್ಣು, ಮೂಗು, ಬಾಯಿ ತುಂಬ ಮರದ ಹೊಟ್ಟು. ಮಾವ ಮೇಲಿನವನು. ಕೆಳಗಿನವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಗರಗಸ ಎತ್ತಿ ಎತ್ತಿ ಮಾವನ ಬಲಗೈ ಒಂದು ವರ್ಷ ಹೆಗಲಿನಿಂದ ಮೇಲೇಳುವುದನ್ನೇ ಬಿಟ್ಟಿತು. ಅಂಗಿಯ ತೋಳಿಗೆ ಕೈ ತೂರಿಸಲೂ ಅತ್ತೆ ಬೇಕಾಯಿತು. ಅದೇ ಹೊತ್ತಿಗೆ ನೀಲಗಿರಿ ತೋಪು ಕಡಿಸುತ್ತಿದ್ದ ಕಂಟ್ರಾಕ್ಟರು ಎಲ್ಲೋ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಈ ಫಾರಿನ್ ಗರಗಸವನ್ನು ತಂದು ನಮ್ಮ ಕೈಗೆ ಕೊಟ್ಟರು. ಮಾವ ಅದನ್ನು ಮುಟ್ಟಲಿಲ್ಲ. "ಹೊಟ್ಟೆಯೊಳಗೆ ಏನೈತೋ ಗೊತ್ತಿಲ್ದಿದ್ದನ್ನ ನಾನು ಹಿಡಿಯಾಕಿಲ್ಲ" ಅಂದ. ನಾನು ಹಿಡಿದೆ. ಅವನು ಮರಕ್ಕೆ ಗುರುತು ಹಾಕುವುದು, ನಾನು ಕೊಯ್ಯುವುದು. ಹೀಗೆ ಗುಂಡಿ ಬಿಟ್ಟು ಬೆಳಕಿನಲ್ಲಿ ಬದುಕಿದೆವು.

ಒಂದು ಮಧ್ಯಾಹ್ನ ಗರಗಸ ವಿಚಿತ್ರವಾಗಿ ಅರಚಿ ನಿಂತುಹೋಯಿತು. ಕಂಟ್ರಾಕ್ಟರು ಬಂದು ನೋಡಿ, "ಬರೋ ಸಂತೆಯೊಳಗೆ ಇದು ಕೂಗ್ಬೇಕು ಮುನಿಯಪ್ಪ. ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ, ನೀವು ನಿಮ್ಮ ಗುಂಡಿಗೆ ಹೋಗಿ" ಅಂದರು. ಮಾವ ತನ್ನ ಬಲಗೈ ನೋಡಿಕೊಂಡ. ಗುಂಡಿಗೆ ಹೋದರೂ ಅವನು ಮಾಡುವುದಾದರೂ ಏನು? ಕೆಳಗೆ ನಿಂತು ಎಳೆಯಲು ನಾನಿದ್ದೇನೆ, ಮೇಲೆ ಎತ್ತುವವರಿಲ್ಲ.

ಸೈಕಲ್ಲಿನ ಹಿಂದೆ ಗರಗಸ, ಮುಂದೆ ಮಾವ, ನಡುವೆ ನಾನು. ಹೀಗೆ ಈ ಕುಲುಮೆಗೆ ಬಂದೆವು. ವೀರಭದ್ರಾಚಾರ್ರು ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದರಲ್ಲಿ ಹೆಸರಾದವರು, ಆ ಹೆಸರನ್ನು ತಾವೇ ಎಲ್ಲರಿಗೂ ನೆನಪಿಸುತ್ತಿದ್ದವರು. ಮಗ್ಗ, ಪಂಪ್‌ಸೆಟ್ಟುಗಳಿಗೂ ಆಗಲೇ ಕೈ ಹಾಕಿದ್ದರು. ಗರಗಸವನ್ನು ಬಿಚ್ಚುವ ಮೊದಲು ಕೇಳಿದರು:

"ನಿಲ್ಲೋಕೆ ಮುಂಚೆ ಹೆಂಗೆ ಕೂಗ್ತು?"

ಹುಟ್ಟಿದಾರಭ್ಯ ಬೈಸಿಕೊಂಡ ವಿದ್ಯೆಯನ್ನು ಒಬ್ಬರು ಕೇಳಿ ಮಾಡಿಸುತ್ತಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡು, ಮೊದಲು ಗುಂಯ್ ಎಂದು, ಆಮೇಲೆ ಮರಳು ಬಿದ್ದ ಬೀಸೋಕಲ್ಲಿನ ಹಾಗೆ ಗರ್ ಗರ್ ಎಂದು, ಕೊನೆಗೆ ಕೀ ಎಂದು ಎಳೆದು ನಿಲ್ಲಿಸಿದೆ. ಒಳಗಿನಿಂದ ಅವರ ಹೆಂಡತಿ ಸರಸಮ್ಮ, "ಯಾರಿಗ್ರೀ ಏನಾಯ್ತು?" ಎಂದು ಓಡಿಬಂದರು.

"ಬೇರಿಂಗು" ಅಂದರು ಆಚಾರ್ರು.

ಬಿಚ್ಚಿದರೆ ಬೇರಿಂಗೇ. ಫಾರಿನ್ ಗರಗಸದ ಹೊಟ್ಟೆಯಲ್ಲಿದ್ದ ಬೇರಿಂಗಿಗೂ ನಮ್ಮ ಕಡೆಯ ಪಂಪ್‌ಸೆಟ್ಟಿನದಕ್ಕೂ ಒಂದೇ ನಂಬರು. ಹೊಸದು ಪೇಟೆಯಲ್ಲೇ ಸಿಕ್ಕಿತು. ಅದನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ತೊಡಿಸುವುದಷ್ಟೇ ಬಾಕಿ. ಶಾಫ್ಟು ಬೆರಳಾದರೆ ಬೇರಿಂಗು ಉಂಗುರ, ಆದರೆ ಒಂದು ಕೂದಲೆಳೆಯಷ್ಟು ಬಿಗಿಯಾದ ಉಂಗುರ. "ಇದೇನ್ಲಾ ಮಹಾ. ಚಕ್ರಕ್ಕೆ ಪಟ್ಟಿ ಹಾಕೋನಿಗೆ ಇದೊಂದು ಬಳೆ ತೊಡ್ಸಿದಂಗೆ" ಅಂದರು ಆಚಾರ್ರು.

ಚಕ್ರಕ್ಕೆ ಪಟ್ಟಿ ಹಾಕುವ ಕ್ರಮ ನಿಮಗೆ ಗೊತ್ತಿರಬಹುದು. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿದರೆ ಹಿಗ್ಗುತ್ತದೆ. ಚಕ್ರಕ್ಕೆ ತೊಡಿಸಿ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಇಲ್ಲೂ ಅದೇ ಏರ್ಪಾಟು. ಆಯಿಲ್ಲಿನಲ್ಲಿ ಕಾದ ಬೇರಿಂಗನ್ನು ಆಚಾರ್ರು ಇಕ್ಕಳದಲ್ಲಿ ಹಿಡಿದರು. ಸರಸಮ್ಮನವರು ಮದುವೆಯಾದಂದಿನಿಂದ ನಿಂತುಕೊಂಡು ಬಂದಿದ್ದ ಜಾಗದಲ್ಲೇ ನೀರಿನ ಬಿಂದಿಗೆ ಹಿಡಿದು ನಿಂತರು. ಬೇರಿಂಗು ಶಾಫ್ಟಿನ ಮೇಲೆ ಬೆಣ್ಣೆಯಂತೆ ಜಾರಿತು. ಅರ್ಧ ದಾರಿ ಬಂದಿರಬಹುದು, ಆಚಾರ್ರ ಬಾಯಿ ಅವರನ್ನು ಕೇಳದೆ "ನೀರು" ಅಂದಿತು. ಸರಸಮ್ಮನವರ ಕೈ ಅವರನ್ನು ಕೇಳದೆ ಹುಯ್ದಿತು.

ಹೊಗೆ ಇಳಿದಾಗ ಬೇರಿಂಗು ಅರ್ಧದಲ್ಲೇ ಕಚ್ಚಿ ಕೂತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ನೀರು ಅಂದ್ರಿ, ಹುಯ್ದೆ" ಅಂದರು ಸರಸಮ್ಮ.

"ನಾನೆಲ್ಲಿ ಅಂದೆ?"

"ಅಂದ್ರಿ" ಎಂದು ನಾನು ಆಚಾರ್ರ ಗಂಟಲಲ್ಲೇ ಒಮ್ಮೆ "ನೀರು" ಅಂದು ತೋರಿಸಿದೆ. ಅವರು ಸುತ್ತಿಗೆ ಹುಡುಕಿದರು. ಬೇರಿಂಗಿಗೋ ನನಗೋ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದೆ. ಆದರೆ ಅವರೇ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿ ಸುತ್ತಿಗೆ ಕೆಳಗಿಟ್ಟರು. ಶಾಫ್ಟು ಒಂದೇ ಕಬ್ಬಿಣದ್ದಲ್ಲ, ತುಂಡುಗಳನ್ನು ಒಂದಕ್ಕೊಂದು ಒತ್ತಿ ಸೇರಿಸಿದ್ದು. ಒಂದು ಏಟು ಹೊಡೆದರೆ ಸೊಟ್ಟಗಾಗುತ್ತದೆ. ಮತ್ತೆ ಕಾಯಿಸೋಣವೆಂದರೆ ಶಾಫ್ಟೂ ಜೊತೆಗೇ ಕಾದು ಹಿಗ್ಗುತ್ತದೆ.

ಮಾವ ಎಲ್ಲವನ್ನೂ ನೋಡುತ್ತ ಇದೇ ಕಲ್ಲಿನ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಅವತ್ತು ಆಚಾರ್ರ ಮನೆಯಲ್ಲಿ ಒತ್ತು ಶಾವಿಗೆ. ಬೆಂದ ಹಿಟ್ಟನ್ನು ಶಾವಿಗೆ ಒರಳಿಗೆ ತುಂಬಿ ಸರಸಮ್ಮ ನನ್ನನ್ನು ಕರೆದರು. ನಾನು ಹೋಗುವಷ್ಟರಲ್ಲಿ ಮಾವ ಹೋಗಿ ತಿರುಪಿನ ಹಿಡಿ ಹಿಡಿದಿದ್ದ. "ಬ್ಯಾಡ ಕಣಣ್ಣ, ನಿನ್ನ ಕೈ" ಎಂದು ಸರಸಮ್ಮ ಅಂದರೆ, "ಸುತ್ತಿದ್ರೆ ನೋವಿಲ್ಲ ಕಣವ್ವ. ಎತ್ತಿದ್ರೇ ನೋವು" ಅಂದ. ಆ ಸೋತ ಕೈಯಿಂದ ಸುತ್ತುತ್ತಿದ್ದರೆ, ನಾನೂ ಆಚಾರ್ರೂ ಮೇಲೆ ಕೂತು ಒತ್ತಿದರೂ ಇಳಿಯದಂಥ ಗಟ್ಟಿ ಹಿಟ್ಟು ಸದ್ದಿಲ್ಲದೆ ಎಳೆಎಳೆಯಾಗಿ ಇಳಿಯುತ್ತಿತ್ತು.

ಇಲ್ಲಿಂದ ಮುಂದೆ ಚರಿತ್ರೆ ಮೂರಾಗಿ ಒಡೆಯುತ್ತದೆ. ತಿರುಪು ನೋಡಿ, ಬೇರಿಂಗನ್ನೂ ಹೀಗೇ ಸುತ್ತಿ ಒತ್ತುವ ಉಪಾಯ ಹೊಳೆದದ್ದು ತಮಗೇ ಎಂದು ಆಚಾರ್ರು ಹೇಳುತ್ತಾರೆ. "ಒರಳು ನಂದು" ಎನ್ನುತ್ತಾರೆ ಸರಸಮ್ಮ. ನಾನೂ ಒಂದೆರಡು ಕಡೆ ನನ್ನದೇ ಎಂದು ಹೇಳಿಕೊಂಡಿದ್ದೇನೆ. ಮಾವ ಏನೂ ಹೇಳಿಲ್ಲ. ಹಾಗಾಗಿ ಅವನದೇ ಇರಬೇಕು.

ಆಯುಧ ಮಾಡಿದ್ದು ಹೀಗೆ. ಶಾಫ್ಟಿನ ತುದಿಯ ತಿರುಪಿನ ಗೆರೆಗಳಿಗೆ ನಮ್ಮ ಪೇಟೆಯ ಯಾವ ನಟ್ಟೂ ಕೂರಲಿಲ್ಲ. ಅದರದೇ ನಟ್ಟು ಒಂದರ ಮೇಲೊಂದು ಎರಡಿದ್ದವು, ಒಂದನ್ನು ಬಲಿ ಕೊಟ್ಟೆವು. ಹಳೇ ಮಗ್ಗದ ಉದ್ದ ಬೋಲ್ಟನ್ನು ಆ ನಟ್ಟಿಗೆ ಹಿತ್ತಾಳೆ ಬೆಸುಗೆ ಹಾಕಿ ಶಾಫ್ಟಿನ ತುದಿಗೆ ತಿರುಗಿಸಿದರು. ಬೋಲ್ಟಿನ ಮೇಲಿಂದ ಒಂದು ಪೈಪು ತೂರಿಸಬೇಕು, ಪೈಪಿನ ಬಾಯಿ ಬೇರಿಂಗಿಗೆ ತಾಗಬೇಕು, ಇನ್ನೊಂದು ತುದಿಗೆ ದಪ್ಪ ಬಿಲ್ಲೆಯಿಟ್ಟು ಬೋಲ್ಟಿನ ನಟ್ಟು ಬಿಗಿಯುತ್ತ ಹೋಗಬೇಕು. ಆಗ ಪೈಪು ಬೇರಿಂಗನ್ನು ಒತ್ತುತ್ತದೆ, ಶಾಫ್ಟು ತಾನಾಗಿ ಅದರೊಳಕ್ಕೆ ಎಳೆದುಕೊಂಡು ಬರುತ್ತದೆ. ಆದರೆ ಬೇರಿಂಗೆಂದರೆ ಒಂದರೊಳಗೊಂದು ಎರಡು ಬಳೆ, ಪೈಪು ಒಳಗಿನ ಬಳೆಯನ್ನಷ್ಟೇ ಮುಟ್ಟಬೇಕು. ಹೊರಗಿನ ಬಳೆಗೆ ತಾಗಿದರೆ ನಡುವಿನ ಗುಂಡುಗಳು ನಜ್ಜುಗುಜ್ಜು.

ನೀರಿನ ಪೈಪು ದಪ್ಪವಾಯಿತು. ಊದುಕೊಳವೆ ಸಣ್ಣದಾಯಿತು. ಪೇಟೆಯ ಕೊಳವೆಗಳನ್ನೆಲ್ಲ ತಂದು ಇಟ್ಟು ನೋಡಿದೆವು. ಕೊನೆಗೆ ಆಚಾರ್ರ ಕಣ್ಣು ನನ್ನ ಸೈಕಲ್ಲಿನ ಮೇಲೆ ನಿಂತಿತು.

"ಸೀಟು ಬಿಚ್ಚೋ."

"ಆಚಾರ್ರೇ, ನಾನು ಹೆಂಗೆ ಹೋಗ್ಲಿ?"

"ನಿಂತ್ಕೊಂಡು ಹೋಗು. ಹೆಂಗೂ ನೀನು ಒಂದು ಕಡೆ ಕೂರೋ ಜಾತಿಯಲ್ಲ."

ಸೀಟಿನ ಕೆಳಗಿನ ಪೈಪು ಒಳಬಳೆಯ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗೇಣುದ್ದ ಕೊಯ್ದರು. ಸ್ಪ್ಯಾನರನ್ನು ಯಾರು ಹಿಡಿಯಬೇಕೆಂದು ನಾನೂ ಆಚಾರ್ರೂ ಮುಖ ಮುಖ ನೋಡಿಕೊಂಡಾಗ ಮಾವ ಎದ್ದು ಬಂದ. ಸುತ್ತುವ ಕೆಲಸ ತಾನೆ. ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲೋ ಒಂದು ಕಡೆ ಟಕ್ಕೆಂದಿತು. ಆಮೇಲೆ ಬೇರಿಂಗು ಹಟ ಬಿಟ್ಟ ಎಮ್ಮೆಯ ಹಾಗೆ ನಿಧಾನವಾಗಿ ತನ್ನ ಜಾಗಕ್ಕೆ ಹೋಗಿ ನಿಂತಿತು. ಮಾವ ಅದನ್ನು ಬೆರಳಿನಿಂದ ತಿರುಗಿಸಿ ನೋಡಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ಜೋಡಿಸುವಾಗ ಪ್ರತಿ ಸಾಮಾನನ್ನೂ ಕೈಗೆ ತೆಗೆದುಕೊಂಡು, "ಇದ್ಯಾತಕ್ಕೆ?" ಎಂದು ಕೇಳಿದ. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಸಂತೆಯ ಹಿಂದಿನ ದಿನ ಊರಿನಲ್ಲಿ, ಗುಂಡಿಯ ಮೇಲೆ ಬಿದ್ದಿದ್ದ ಹಳೇ ದಿಮ್ಮಿಯ ಮೇಲೆ ಪರೀಕ್ಷೆ. ನಾನು ಕೈ ಚಾಚಿದೆ. ಮಾವ ಕೊಡಲಿಲ್ಲ. ಎಡಗೈಯಲ್ಲಿ ಹಗ್ಗ ಎಳೆದ. ಗರಗಸ ಕೂಗಿತು. ಸೊಂಟದ ಮಟ್ಟದಲ್ಲಿ ಹಿಡಿದು, ಹೆಗಲು ಎತ್ತದೆ, ದಿಮ್ಮಿಯನ್ನು ಅಡ್ಡಡ್ಡ ಕೊಯ್ದು ಮುಗಿಸಿದ. ಗರಗಸ ನಿಲ್ಲಿಸಿ, ಬಗ್ಗಿ, ಖಾಲಿ ಗುಂಡಿಯೊಳಕ್ಕೆ ನೋಡಿ, "ಕಣ್ಣು ಒರೆಸ್ಕೊಳ್ಳೋ" ಅಂದ. ಪ್ರತಿ ಕೊಯ್ತದ ಕೊನೆಗೆ ಕೆಳಗಿನವನಿಗೆ ಹೇಳುವ ಮಾತು ಅದು. ನಾನು ಮೇಲೆ, ಅವನ ಪಕ್ಕದಲ್ಲೇ ನಿಂತಿದ್ದೆ. ಆದರೂ ಒರೆಸಿಕೊಂಡೆ.

ಆಮೇಲೆ ಮಾವನಿಗೆ ಎರಡನೆಯವನ ಅಗತ್ಯವೇ ಬೀಳಲಿಲ್ಲ. ಹೀಗೆ ಕೆಲಸ ಕಳೆದುಕೊಂಡವನು ಸೀಟಿಲ್ಲದ ಸೈಕಲ್ಲಿನಲ್ಲಿ ನಿಂತುಕೊಂಡೇ ಆಚಾರ್ರ ಕುಲುಮೆಗೆ ಬಂದು ಸೇರಿದೆ.

ಇಷ್ಟನ್ನೂ ನಾನು ಈಗ ಆಚಾರ್ರ ಗಂಟಲಲ್ಲಿ, ಸರಸಮ್ಮನವರ ಗಂಟಲಲ್ಲಿ, ಬೇರಿಂಗಿನ ಗಂಟಲಲ್ಲಿ ಹೇಳಿ ಮುಗಿಸುವವರೆಗೂ ಮಾವ ಕಲ್ಲಿನ ಮೇಲೆ ಬೀಡಿ ಸೇದುತ್ತ ಕೇಳುತ್ತಿದ್ದ. ಬೀಡಿ ಮುಗಿದ ಮೇಲೆ ಅಂದ:

"ಆವತ್ತು ಅದು ಕೂರದೆ ಹೋಗಿದ್ರೆ ನೀನು ಇನ್ಯಾರದೋ ಗುಂಡಿಯೊಳಗೆ ಇನ್ನೂ ಕೆಳಗೇ ಇರ್ತಿದ್ದೆ ಕಣೋ. ಬಾಯಿ ತುಂಬ ಹೊಟ್ಟು ಇಟ್ಕಂಡು. ನನಗೆ ಅದೇ ಯೋಚ್ನೆ ಆಗಿತ್ತು."

ನಾನು ಇಷ್ಟು ವರ್ಷ ಅವನಿಗೆ ಅವನ ತೋಳಿನ ಯೋಚನೆ ಎಂದುಕೊಂಡಿದ್ದೆ. ಏನಾದರೂ ಅಣಕಿಸಿ ಹೇಳೋಣವೆಂದು ಬಾಯಿ ತೆರೆದೆ. ಚೈನಿನ ಮುಂದಿನ ಹಲ್ಲಿಗೆ ಅರ ಇಟ್ಟೆ.