ಬ್ಯಾಡ್ಜಿಗೆ ಏನೂ ಆಗಿರಲಿಲ್ಲ

ಕಳೆದ ವಾರ ಚಾಮರಾಜಪೇಟೆಯ ಲ್ಯಾಬೊಂದಕ್ಕೆ ಮಂಡಿಯ ಎಕ್ಸ್-ರೇ ತೆಗೆಸಲು ಹೋಗಿದ್ದೆ. ವಯಸ್ಸಾದ ಮೇಲೆ ಮಂಡಿಗೂ ಒಂದು ಫೈಲು ಶುರುವಾಗುತ್ತದೆ, ನಿಮಗೂ ಗೊತ್ತಿರಬಹುದು. ಅಲ್ಲಿಯ ಹುಡುಗಿ ನನ್ನ ಕಾಲನ್ನು ಬೇಕಾದ ಹಾಗೆ ತಿರುಗಿಸಿಟ್ಟು, "ಅಲ್ಲಾಡ್ಬೇಡಿ ಅಂಕಲ್" ಎಂದು ಗೋಡೆಯ ಹಿಂದೆ ಹೋದಳು. ಅವಳ ಎದೆಯ ಮೇಲೊಂದು ಪುಟ್ಟ ಬ್ಯಾಡ್ಜು. ಆಮೇಲೆ ಅದೇನೆಂದು ಕೇಳಿದೆ. "ನಮಗೆ ಎಷ್ಟು ರೇಡಿಯೇಶನ್ ತಾಗಿದೆ ಅಂತ ಇದ್ರಲ್ಲಿ ಗೊತ್ತಾಗತ್ತೆ" ಅಂದಳು. ಗೊತ್ತಿಲ್ಲದೆ ಕೇಳಿದ್ದಲ್ಲ. ಆ ಬ್ಯಾಡ್ಜಿನ ವಿಷಯ ನನಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದವನು ನಾನು.

ಸಿದ್ದರಾಜು ಬಿನ್ನಿಪೇಟೆಯವರು, ಪೈಪು ಫಿಟ್ಟರ್. ಹನುಮಂತನಗರದ ನಮ್ಮ ಬೀದಿಯ ಅರ್ಧ ನಲ್ಲಿಗಳು ಅವರ ಕೈಯಲ್ಲೇ ರಿಪೇರಿಯಾದವು. ಮಾತು ಕಡಿಮೆ, ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಸಣ್ಣಗೆ ಶಿಳ್ಳೆ ಹಾಕುತ್ತಾ ಕೆಲಸ ಮಾಡುತ್ತಿದ್ದರು. ಒಂದು ವರ್ಷ ಅವರು ಕಾಣಲೇ ಇಲ್ಲ. ಕಂಟ್ರಾಕ್ಟರೊಬ್ಬನ ಜೊತೆ ದೂರದ ಅಣು ವಿದ್ಯುತ್ ಸ್ಥಾವರಕ್ಕೆ ಹೋಗಿದ್ದರಂತೆ. ಅಲ್ಲೊಂದು ಪೈಪು ಒಡೆದು ನೆಲವೆಲ್ಲ ವಿಕಿರಣ ಬೆರೆತ ನೀರಾಯಿತು. ಬಟ್ಟೆ, ಬಕೆಟ್ಟು ಹಿಡಿದು ಅದನ್ನು ಒರೆಸಿದ್ದು ಇವರು ಮತ್ತು ಇವರಂಥವರು. "ನೋಡೋಕೆ ನಮ್ಮನೆ ನಲ್ಲಿ ನೀರ್ ಥರಾನೇ ಇತ್ತು ಸಾರ್" ಎಂದು ಹಿಂದಿರುಗಿದ ಮೇಲೆ ನಗುತ್ತಾ ಹೇಳಿದ್ದರು.

ಕೆಲವು ವರ್ಷಗಳಾದ ಮೇಲೆ ಆ ಶಿಳ್ಳೆ ನಿಂತಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಒಸಡಿನಲ್ಲಿ ರಕ್ತ, ಏಟು ಬೀಳದೆಯೇ ತೊಡೆಯ ಮೇಲೆ ನೀಲಿ ಕಲೆಗಳು. ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆ ನೀರಿನಿಂದಲೇ ಬಂತೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಇರಬಹುದು, ಇಲ್ಲದೇನೂ ಇರಬಹುದು. ಎಷ್ಟು ತಾಗಿತ್ತು ಅನ್ನೋ ರೆಕಾರ್ಡ್ ತನ್ನಿ, ನೋಡೋಣ" ಎಂದರಂತೆ.

ರೆಕಾರ್ಡ್ ಕೇಳಿ ಅರ್ಜಿ ಬರೆಸಲು ಅವರು ನನ್ನ ಬಳಿ ಬಂದರು. ನಾನಾಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. "ತಮ್ಮಲ್ಲಿ ಸವಿನಯ ಪ್ರಾರ್ಥನೆ" ಎಂದು ಬರೆದು, ಆ ಸಾಲಿನ ಚೆಲುವಿಗೆ ನಾನೇ ತಲೆದೂಗಿದೆ.

"ಇನ್ನೊಂದು ವಿಷ್ಯ ಬರೀಬೇಕು ಸಾರ್" ಎಂದರು ಸಿದ್ದರಾಜು. "ಒರೆಸೋಕೆ ಹೋಗೋವಾಗ ಬ್ಯಾಡ್ಜ್ ತೆಗ್ದು ರೂಮಲ್ಲೇ ಇಟ್ಟು ಹೋಗಿ ಅಂತಿದ್ರು ಮೇಸ್ತ್ರಿ. ಅದ್ರಲ್ಲಿ ಜಾಸ್ತಿ ತೋರಿಸಿದ್ರೆ ಮತ್ತೆ ಒಳಗೆ ಬಿಡ್ತಿರ್ಲಿಲ್ಲ. ಕೆಲ್ಸ ಹೋಗತ್ತಲ್ಲ ಅಂತ ನಾವೂ ಇಟ್ಟು ಹೋಗ್ತಿದ್ವಿ."

ನನ್ನ ಪೆನ್ನು ನಿಂತಿತು. "ಅದೆಲ್ಲ ಬೇಡ ಸಿದ್ದರಾಜು. ಬರೆದ್ರೆ ನೀವೇ ರೂಲ್ಸ್ ಮುರಿದ ಹಾಗಾಗತ್ತೆ. ಬರ್ಕೊಟ್ಟೋರು ಯಾರು ಅಂತ ನನ್ನನ್ನೂ ಕೇಳ್ತಾರೆ." ಕೊನೆಯ ಮಾತನ್ನು ಮೆಲ್ಲಗೆ ಹೇಳಿದೆ, ನನ್ನ ಭಯವೆಲ್ಲ ಇದ್ದದ್ದು ಅದರಲ್ಲೇ.

"ನಿಮಗೆ ಗೊತ್ತಿರತ್ತೆ ಬಿಡಿ ಸಾರ್" ಎಂದು ಸಹಿ ಹಾಕಿದರು.

ಸ್ಥಾವರದಿಂದ ಉತ್ತರ ಬರುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಸದರಿ ಕಾರ್ಮಿಕರಿಗೆ ತಗುಲಿದ ವಿಕಿರಣ ಅನುಮತಿಸಿದ ಮಿತಿಯೊಳಗೇ ಇದೆ ಎಂದಿತ್ತು. ನಾನೇ ಓದಿ ಹೇಳಿದೆ. ಸಿದ್ದರಾಜು, "ಹೌದು ಸಾರ್, ಬ್ಯಾಡ್ಜಿಗೆ ಏನೂ ಆಗಿಲ್ಲ" ಎಂದರು.

ಇನ್ನೊಂದು ಅರ್ಜಿ ಹಾಕೋಣ ಎಂದೆ. ಕಚೇರಿಯವನ ಬಾಯಲ್ಲಿ "ಹಾಕೋಣ" ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ದಸರಾ ಕಳೆಯಲಿ ಎಂದೆ. ಅವರು ದಸರಾ ನೋಡಲಿಲ್ಲ.

ಕಳೆದ ವಾರ ಆ ಲ್ಯಾಬಿನಿಂದ ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆಟೋ ಹಿಡಿದು ಬಿನ್ನಿಪೇಟೆಗೆ ಹೋದೆ. ಸಿದ್ದರಾಜು ಅವರ ಹೆಂಡತಿ ಜಯಮ್ಮ ಗುರುತು ಹಿಡಿದರು. ಬುದ್ಧನ ಪಟದ ಕೆಳಗಿನ ಕುರ್ಚಿ ಒರೆಸಿ ಕೂರಿಸಿ, ಕಾಫಿ ಕೊಟ್ಟು, ತಾವೇ ಮಾತು ತೆಗೆದರು.

"ಬ್ಯಾಡ್ಜ್ ವಿಷ್ಯ ಎಲ್ಲಾ ಸಾರ್ ಚೆನ್ನಾಗಿ ಬರೆದ್ರು, ಪ್ಲಾಂಟ್ನೋರೇ ಒಪ್ಲಿಲ್ಲ ಅಂತಿದ್ರು ನಮ್ ಯಜಮಾನ್ರು."

ಸಾಯುವ ಮನುಷ್ಯ ನನ್ನ ಮಾನ ಕಾಯಲು ಹೆಂಡತಿಗೆ ಸುಳ್ಳು ಹೇಳಿದ್ದರು. ಕಾಫಿ ಲೋಟ ಕೆಳಗಿಟ್ಟೆ.

"ಬರೆದಿರಲಿಲ್ಲ ಜಯಮ್ಮ. ಅವರು ಬರೀರಿ ಅಂದ್ರು. ನಾನೇ ಬೇಡ ಅಂದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ರ ಜೊತೆ ಹೋಗಿದ್ದ ಮುನಿರಾಜು ಪಕ್ಕದ ಬೀದೀಲಿದಾನೆ. ಕುತ್ತಿಗೇಲಿ ಗಡ್ಡೆ. ಮಾತು ಸರಿಯಾಗಿ ಬರಲ್ಲ. ಅವನಿಗಾದ್ರೂ ಇದ್ದಿದ್ದು ಇದ್ದ ಹಾಗೆ ಬರ್ಕೊಡಿ" ಎಂದರು.

ಹೋದೆ. ಮುನಿರಾಜು ಸನ್ನೆಯಲ್ಲಿ, ಅರ್ಧಂಬರ್ಧ ಮಾತಿನಲ್ಲಿ ಹೇಳಿದ್ದನ್ನೆಲ್ಲ ಬರೆದೆ. ಮೇಸ್ತ್ರಿ ಹೇಳಿದ ಮಾತನ್ನೇ ಮೊದಲ ಸಾಲಾಗಿಟ್ಟೆ. ಕೆಳಗೆ, ಅರ್ಜಿ ಬರೆದುಕೊಟ್ಟವರು ಎಂದು ನನ್ನ ಹೆಸರು, ವಿಳಾಸ ಹಾಕಿದೆ. ನಿವೃತ್ತನಾದ ಗುಮಾಸ್ತನನ್ನು ಇನ್ನು ಯಾರೂ ಕೆಲಸದಿಂದ ತೆಗೆಯಲಾರರು. ನನ್ನ ಧೈರ್ಯ ಅಷ್ಟರದ್ದೇ.