ಎರೆಮಣ್ಣು ಮೆತ್ತಿದ ಎಲುಬು

ಡಿಎನ್‌ಎ ಪ್ರಯೋಗಾಲಯಗಳ ವ್ಯಾಲಿಡೇಶನ್ ಮಾರ್ಗಸೂಚಿಯ ಕರಡೊಂದಕ್ಕೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆಂದು ಹಳೆಯ ಸಹೋದ್ಯೋಗಿಯೊಬ್ಬರು ಈಚೆಗೆ ಫೋನ್ ಮಾಡಿ ಹೇಳಿದರು. ನಿವೃತ್ತನಾದವನಿಗೆ ಇನ್ನೇನು ಕೆಲಸ? ಬರೆಯಲು ಕುಳಿತೆ. ಕುಳಿತ ಕೂಡಲೇ 2019ರ ಒಂದು ಪ್ರಕರಣ ಎದುರು ಬಂದು ನಿಂತಿತು. ಆಗ ನಾನು ಪ್ರಾದೇಶಿಕ ಪ್ರಯೋಗಾಲಯವೊಂದರ ಡಿಎನ್‌ಎ ವಿಭಾಗದಲ್ಲಿ ಸಹಾಯಕ ನಿರ್ದೇಶಕ. ಹುಟ್ಟೂರು ರೋಣ. ನಮ್ಮ ಕಡೆಯ ಪ್ರಕರಣಗಳನ್ನು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ ಎಂಬ ಜಂಬವೂ ಇತ್ತು.

ಆ ಬೇಸಿಗೆಯಲ್ಲಿ ನರಗುಂದದ ಕಡೆ, ಕಪ್ಪು ಎರೆಮಣ್ಣಿನ ಹೊಲವೊಂದರ ನೀರಗಾಲುವೆ ತೋಡುವಾಗ ಮನುಷ್ಯನ ಎಲುಬುಗಳು ಸಿಕ್ಕವು. ಅದಕ್ಕೂ ಮೂರು ವರ್ಷ ಮೊದಲು ಗಜೇಂದ್ರಗಡದ ನೇಕಾರ ಮಕ್ತುಂಸಾಬ ಸೀರೆಗಂಟು ಹೊತ್ತು ಆ ಕಡೆಯ ಹಳ್ಳಿಗಳಿಗೆ ಮಾರಲು ಹೋದವನು ಮರಳಿ ಬಂದಿರಲಿಲ್ಲ. ಎಲುಬು ಅವನದೇ ಎಂದು ತಿಳಿಯಲು ಒಂದು ತೊಡೆಯೆಲುಬನ್ನೂ ಅವನ ಮಗಳ ರಕ್ತದ ಮಾದರಿಯನ್ನೂ ಪೊಲೀಸರು ನಮ್ಮಲ್ಲಿಗೆ ಕಳಿಸಿದರು.

ಎಲುಬನ್ನು ಪುಡಿ ಮಾಡಿ ಡಿಎನ್‌ಎ ತೆಗೆದು, ಪಿಸಿಆರ್ ಎಂಬ ವಿಧಾನದಿಂದ ಅದರ ಲಕ್ಷಾಂತರ ಪ್ರತಿ ಮಾಡಿ ಓದುವುದು ನಮ್ಮ ಕೆಲಸ. ಆಗಷ್ಟೇ ಅದಕ್ಕೆ ಬೇಕಾದ ರಾಸಾಯನಿಕಗಳ ಹೊಸ ಕಿಟ್ ಬಂದಿತ್ತು. ಪ್ರಕರಣಕ್ಕೆ ಬಳಸುವ ಮೊದಲು ಒಂದು ವಿಧಾನ ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಪರೀಕ್ಷಿಸಿ ನೋಡುವುದೇ ವ್ಯಾಲಿಡೇಶನ್. ಅದನ್ನು ನಾನೇ ಮಾಡಿಸಿದ್ದೆ, ಸಿಬ್ಬಂದಿಯ ಶುದ್ಧ ರಕ್ತದ ಮೇಲೆ. ಎಲ್ಲವೂ ಹೂವೆತ್ತಿದ ಹಾಗೆ ನಡೆದಿತ್ತು.

ಈ ಎಲುಬಿನಿಂದ ಮಾತ್ರ ಏನೂ ಬರಲಿಲ್ಲ. ತೆಗೆದ ದ್ರವ ಚಹಾದ ಡಿಕಾಕ್ಷನ್ ಬಣ್ಣಕ್ಕಿತ್ತು. ಟ್ಯೂಬಿನ ಫೋಟೊ ತೆಗೆಸಿ ಕಡತಕ್ಕೆ ಸೇರಿಸಿದೆನೇ ಹೊರತು ಯಾಕೆ ಹೀಗಾಯಿತು ಎಂದು ಯೋಚಿಸಲಿಲ್ಲ. ‘ಡಿಎನ್‌ಎ ಪ್ರೊಫೈಲ್ ಲಭ್ಯವಾಗಿಲ್ಲ, ಅಭಿಪ್ರಾಯ ನೀಡಲಾಗದು’ ಎಂದು ಸಹಿ ಹಾಕಿ ಕಳಿಸಿದೆ.

ಎರಡು ವರ್ಷದ ಮೇಲೆ ಮಕ್ತುಂಸಾಬನ ಹೆಂಡತಿ ಹಜರತ್‌ಬಿ ಮಗಳನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಬಂದಳು. ಆಕೆ ತಕರಾರು ಮಾಡಲು ಬಂದಿರಲಿಲ್ಲ. ಯಾವುದೋ ಕಚೇರಿಯಲ್ಲಿ ಆ ರಿಪೋರ್ಟಿನ ನಕಲು ಕೇಳಿದ್ದರಂತೆ.

“ಎಲಬು ಅವರವಲ್ಲ ಅಂತ ಬರದೀರಲ್ರಿ, ಅದ ಕಾಗದ ಕೊಡ್ರಿ ಸಾಹೇಬ್ರ” ಎಂದಳು.

“ನಾವು ಅಲ್ಲ ಅಂತ ಬರದಿಲ್ಲ ತಂಗಿ. ನಮಗ ತಿಳೀಲಿಲ್ಲ ಅಂತ ಬರದೀವಿ.”

ಆಮೇಲೆ ಆಕೆ ನಡೆದದ್ದನ್ನೆಲ್ಲ ಹೇಳಿದಳು. ಠಾಣೆಯಲ್ಲಿ ಯಾರೋ “ಆಗಿಲ್ಲ ಅಂದ್ರ ಅವನಲ್ಲ” ಎಂದು ಹೇಳಿ ಕಳಿಸಿದ್ದರು. ಸತ್ತಿಲ್ಲವೆಂದ ಮೇಲೆ ಓಡಿಹೋಗಿರಬೇಕು ಎಂದು ಓಣಿ ತೀರ್ಮಾನಿಸಿತ್ತು. ತಂದೆ ಮನೆ ಬಿಟ್ಟವನೆಂಬ ಮಾತಿಗೆ ಮಗಳ ಗೊತ್ತಾದ ಮದುವೆ ಮುರಿದಿತ್ತು. ಇಷ್ಟೂ ನನ್ನ ಒಂದು ಸಾಲಿನ ಫಲ.

ಮುಖ ಉಳಿಸಿಕೊಳ್ಳಲು ಕಡತ ತೆರೆದು ಆ ಫೋಟೊ ತೋರಿಸಿದೆ. ಆಕೆ ನೂಲು ತೊಳೆದು ಬಣ್ಣ ಹಾಕಿದ ಕೈಯವಳು. ಒಂದು ಗಳಿಗೆ ನೋಡಿ ಹೇಳಿದಳು:

“ಇದು ಎರಿ ಬಣ್ಣ ಅಲ್ರೀ? ಎರಿ ಹೊಲದಾಗ ಬಿದ್ದ ಧೋತರ ಎಷ್ಟ ಒಗದ್ರೂ ಬೆಳ್ಳಗಾಗೂದಿಲ್ಲ. ನೀವು ಎಷ್ಟ ಸಲ ತೊಳದ್ರಿ?”

“ಒಂದ ಸಲ.”

“ಒಂದ ಸಲ?”

ನಾಚಿಕೆಯಿಂದ ಕುಗ್ಗಿಹೋದೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಕಾಲೆಳೆದುಕೊಂಡು ರೋಣದ ಶಾಲೆಗೆ ಹೋದವನು ನಾನು. ಮಣ್ಣಿನಲ್ಲಿರುವ ಹ್ಯೂಮಿಕ್ ಆಮ್ಲ ಎಲುಬಿಗೆ ಇಳಿದು ಪಿಸಿಆರ್ ಕೆಲಸವನ್ನೇ ತಡೆಯುತ್ತದೆಂದು ಪುಸ್ತಕದಲ್ಲಿ ಓದಿದವನೂ ನಾನೇ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಲ್ಯಾಬಿನಲ್ಲಿ ಉಳಿದದ್ದು ಹೆಬ್ಬೆರಳಿನಷ್ಟು ಎಲುಬು. ಅದನ್ನು ತಕ್ಷಣ ಪರೀಕ್ಷೆಗೆ ಹಾಕೋಣವೆಂದು ಕಿರಿಯರು ಅವಸರ ಮಾಡಿದರು. ಮತ್ತೆ ತಪ್ಪಿದರೆ ಇನ್ನೊಂದು ಚೂರೂ ಇಲ್ಲ ಎಂದು ನಾನು ಬಿಡಲಿಲ್ಲ. ನಮ್ಮ ಹೊಲದ ಎರೆಮಣ್ಣು ತರಿಸಿ, ಫಲಿತಾಂಶ ಮೊದಲೇ ಗೊತ್ತಿದ್ದ ಮಾದರಿಗಳಿಗೆ ಬೆರೆಸಿದೆ. ಅದೇ ಕಿಟ್, ಅದೇ ಖಾಲಿ ಫಲಿತಾಂಶ! ಹೆಚ್ಚು ಸಲ ತೊಳೆದು, ದ್ರವವನ್ನು ಹತ್ತು ಪಟ್ಟು ತೆಳುವಾಗಿಸಿದಾಗ ಆ ಆಮ್ಲದ ತಡೆ ಇಳಿದು ಪ್ರೊಫೈಲ್ ಮೂಡಿತು. ಮತ್ತೆ ಮತ್ತೆ ಮಾಡಿ, ಬರೆದಿಟ್ಟು, ಹೊರಗಿನವರಿಂದ ತಪಾಸಣೆ ಮಾಡಿಸುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಆಮೇಲೆ ಆ ಚೂರನ್ನು ಪರೀಕ್ಷಿಸಿದೆವು.

ಎಲುಬು ಆ ಹುಡುಗಿಯ ತಂದೆಯದೇ ಆಗಿತ್ತು. ಅವನು ಹೇಗೆ ಸತ್ತ ಎಂಬುದು ಇಂದಿಗೂ ಗೊತ್ತಾಗಿಲ್ಲ. ಠಾಣೆಯಲ್ಲಿ ಉಳಿದಿದ್ದ ಎಲುಬುಗಳನ್ನು ಕೊಟ್ಟರು, ಗಜೇಂದ್ರಗಡದಲ್ಲಿ ನಮಾಜು ಓದಿ ದಫನ್ ಮಾಡಿದರು. ಮುರಿದ ಮದುವೆ ಮತ್ತೆ ಕೂಡಲಿಲ್ಲ.

ಕರಡಿಗೆ ಅಭಿಪ್ರಾಯ ಬರೆಯುವ ಮೊದಲು, ಹೆಸರಿಲ್ಲದೆ ಈ ಪ್ರಕರಣ ಹೇಳಬಹುದೇ ಎಂದು ಕೇಳಲು ಹಜರತ್‌ಬಿಯ ಮನೆಗೆ ಹೋದೆ. ಆಕೆ ಮಗ್ಗದಿಂದೆದ್ದು ಬಂದು ಚಹಾ ಕೊಟ್ಟಳು.

“ಸಾರ್ವಜನಿಕರು ಅಂದ್ರ ನಾವೂ ಬರ್ತೀವೇನ್ರಿ ಅದರಾಗ?”

“ನೀವ ಮೊದಲ ಬರ್ತೀರಿ.”

“ಹಂಗಾರ ನಂದೂ ಒಂದ ಮಾತು ಬರೀರಿ. ನಿಮಗ ತಿಳೀಲಿಲ್ಲ ಅಂದ್ರ, ಯಾಕ ತಿಳೀಲಿಲ್ಲ, ಮುಂದ ಏನ ಮಾಡಬೇಕು ಅಂತ ನಮಗ ತಿಳಿಯೂಹಂಗ ಹೇಳ್ರಿ. ನಿಮ್ಮ ಕಾಗದ ಬಂದ ಮ್ಯಾಲೆ ಎರಡ ವರ್ಷ ನಾ ದಿನಾ ಅವರಿಗೆ ಶಾಪಾ ಹಾಕೀನ್ರಿ. ಎಲ್ಲಿದ್ರೂ ಹಾಳಾಗಿ ಹೋಗಲಿ ಅಂತ. ಅವ್ರು ಪಾಪ, ಮಣ್ಣಾಗ ಮಲಗಿದ್ರು.”

ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡೆ.

ಅಭಿಪ್ರಾಯದ ನಮೂನೆಯಲ್ಲಿ ಎರಡು ಸಲಹೆ ಬರೆದೆ. ವಿಧಾನವನ್ನು ಪ್ರಕರಣ ಬರುವ ನೆಲದ ಮಣ್ಣಿನಲ್ಲೇ ಪರೀಕ್ಷಿಸಬೇಕು. ಫಲಿತಾಂಶ ಬಾರದಿದ್ದರೆ ಅದು ‘ಅಲ್ಲ’ ಎಂಬ ಉತ್ತರವಲ್ಲವೆಂದು ರಿಪೋರ್ಟಿನಲ್ಲೇ, ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಮೂವತ್ತು ವರ್ಷದ ನೌಕರಿಯಲ್ಲಿ ಕಲಿತದ್ದು ಇಷ್ಟೇ, ಅದೂ ತಡವಾಗಿ. ಪಕ್ಕದಲ್ಲಿ ‘ಕಾರಣ’ ಎಂಬ ಕಾಲಂ ಇತ್ತು. ಅಲ್ಲಿ ಹಜರತ್‌ಬಿಯ ಮಾತನ್ನು, ಹೆಸರು ಹಾಕದೆ, ಆಕೆ ಆಡಿದ ಹಾಗೇ ಬರೆದು, ಕೆಳಗೆ ಆ ಖಾಲಿ ರಿಪೋರ್ಟಿಗೆ ಸಹಿ ಹಾಕಿದವನು ನಾನೇ ಎಂದು ಸೇರಿಸಿದೆ.